ಹಿಡೀರಿ, ಬಿಡಿ

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವರು ಉಸಿರಪ್ಪ. ಸ್ಟುಡಿಯೋಕ್ಕೆ ಫೋಟೋ ತೆಗೆಸಿಕೊಳ್ಳಲು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲವನ್ನು ಎರಡು ಬೆರಳಿನಿಂದ ಎತ್ತಿ, ಕ್ಯಾಮೆರಾದ ಹಿಂದಕ್ಕೆ ಹೋಗಿ ನಿಂತು, "ಉಸಿರು ಹಿಡೀರಿ" ಎನ್ನುತ್ತಿದ್ದರು. ಗುಂಡಿ ಒತ್ತುತ್ತಿದ್ದರು. ಆಮೇಲೆ, "ಬಿಡಿ."

ಅದು ಅವರ ತಂದೆಯ ಕಾಲದಿಂದ ಬಂದ ಮಾತು. ಆಗಿನ ಮರದ ಕ್ಯಾಮೆರಾ ನಿಧಾನಸ್ಥ. ಕಣ್ಣು ತೆರೆದು ಮುಚ್ಚುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಕೂತವರು ಅಲುಗಿದರೆ ಒಂದೇ ಮುಖಕ್ಕೆ ಎರಡು ಮೂಗು. ಆ ಕ್ಯಾಮೆರಾ ಹೋಯಿತು, ಅದರ ನಂತರ ಬಂದದ್ದೂ ಹೋಯಿತು, ಮಾತು ಮಾತ್ರ ಗೋಡೆಯ ಮೊಳೆಯ ಹಾಗೆ ಉಳಿದುಕೊಂಡಿತು. ಈಗಿನ ಕ್ಯಾಮೆರಾ ಹಾರುವ ಹಕ್ಕಿಯ ರೆಕ್ಕೆಯನ್ನೇ ಗಾಳಿಯಲ್ಲಿ ನಿಲ್ಲಿಸುತ್ತದೆ. ಆದರೂ ಉಸಿರಪ್ಪನವರ ಎದುರು ಕೂತವರು ಉಸಿರು ಹಿಡಿಯಲೇಬೇಕು. ಬೀದಿಯ ಜನಕ್ಕೆ ಇದು ಎಷ್ಟು ಮೈಗೂಡಿತ್ತೆಂದರೆ, ಯಾರಾದರೂ ಮೊಬೈಲನ್ನು ಹಣೆಯ ಮಟ್ಟಕ್ಕೆ ಎತ್ತಿದರೆ ಸಾಕು, ಎದುರಿಗಿದ್ದವರು ಎದೆ ಉಬ್ಬಿಸಿ ಕಲ್ಲಾಗುತ್ತಿದ್ದರು. ಬೇರೆ ಊರಿನಿಂದ ಬಂದ ನೆಂಟರು, "ಇದೇನು, ನೀವೆಲ್ಲ ಫೋಟೋದಲ್ಲಿ ಈಗ ತಾನೇ ನೀರಿಗೆ ಬೀಳೋರ ಹಾಗೆ ಇದೀರಲ್ಲ" ಎಂದು ನಗುತ್ತಿದ್ದರು. ಬೀದಿಯವರಿಗೆ ನಗು ಯಾಕೆಂದೇ ತಿಳಿಯುತ್ತಿರಲಿಲ್ಲ.

ಉಸಿರಪ್ಪನವರ ಹಿರಿಯ ಸೊಸೆಗೆ ಫೋಟೋ ತೆಗೆಯುವುದನ್ನು ಕಲಿಯಬೇಕೆಂಬ ಆಸೆ ಹುಟ್ಟಿತು.

ಆಸೆ ಎಲ್ಲಿಂದ ಹುಟ್ಟಿತೆಂದು ಕೇಳಿದರೆ ಅವಳು ಕಿಟಕಿಯನ್ನು ತೋರಿಸುತ್ತಿದ್ದಳೋ ಏನೋ. ಸ್ಟುಡಿಯೋದ ಒಳಕೋಣೆಯಲ್ಲಿ ಕೂತು ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನು ಕತ್ತರಿಸುವುದು ಅವಳ ಕೆಲಸ. ಅಲ್ಲೊಂದು ಪುಟ್ಟ ಕಿಟಕಿ. ಬೆಳಗ್ಗೆ ಬೆಳಕು ಅಲ್ಲಿಂದ ಇಳಿದು ಮೊದಲು ಕತ್ತರಿಯ ಮೇಲೆ, ಆಮೇಲೆ ಅಂಟಿನ ಬಟ್ಟಲಿನ ಮೇಲೆ, ಆಮೇಲೆ ಅವಳ ಮೊಣಕೈಯ ಮೇಲೆ ಬರುತ್ತಿತ್ತು. "ಬಂದೆಯಾ ತಂದೆ" ಎಂದು ಅವಳು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದಳು. ಕೋಣೆಯನ್ನು ಗುಡಿಸಿರಲಿ ಬಿಟ್ಟಿರಲಿ, ಒಳಗಿದ್ದವರು ಕರೆದಿರಲಿ ಮರೆತಿರಲಿ, ಬೆಳಕು ತಪ್ಪದೆ ಬರುತ್ತದೆ. ದೇವರು ಕೊಟ್ಟದ್ದರಲ್ಲಿ ಇದಕ್ಕಿಂತ ಧಾರಾಳವಾದದ್ದು ಯಾವುದಿದೆ? ಇದನ್ನು ನೋಡುತ್ತಾ ನೋಡುತ್ತಾ ಅವಳಿಗೆ, ಇದನ್ನೊಮ್ಮೆ ನನ್ನ ಕೈಯಾರೆ ಹಿಡಿದಿಡಬೇಕು ಅನ್ನಿಸಿಬಿಟ್ಟಿತು.

ಆದರೆ ಆ ಸ್ಟುಡಿಯೋದಲ್ಲಿ ಕ್ಯಾಮೆರಾದ ಮುಂದಿನ ಕೆಲಸವೆಲ್ಲ ಅವಳದು, ಹಿಂದಿನದು ಅವಳದಲ್ಲ. ಮಕ್ಕಳ ತಲೆ ಬಾಚುವುದು, ಕಾಲರು ಸರಿಮಾಡುವುದು, ಪರದೆಯ ಧೂಳು ಕೊಡವುವುದು ಅವಳ ಪಾಲು. ಹಿಂದೆ ನಿಲ್ಲುತ್ತಿದ್ದವರು ಮಾವ ಮತ್ತು ಮೈದುನ.

ಮೈದುನನಿಗೆ ಬೀದಿಯವರು ಇಟ್ಟ ಹೆಸರು ಲೆನ್ಸಪ್ಪ. ಮನಸ್ಸು ಕೆಟ್ಟದ್ದಲ್ಲ. ದೀಪಗಳನ್ನು ಎಲ್ಲಿ ಇಟ್ಟರೆ ಮೂಗಿನ ನೆರಳು ಎಲ್ಲಿ ಬೀಳುತ್ತದೆಂದು ಚೆನ್ನಾಗಿ ಬಲ್ಲವನು. ಆದರೆ ಹೊಸ ಲೆನ್ಸು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಭಾನುವಾರ ಮಹಡಿಯ ಮೇಲೆ ಫೋಟೋ ಕಲಿಸುತ್ತಿದ್ದ. ಕಲಿಯಲು ಬರುವವರು ಬೆನ್ನಿಗೆ ಮಗುವನ್ನು ಕಟ್ಟಿಕೊಂಡ ಹಾಗೆ ಚೀಲ ಕಟ್ಟಿಕೊಂಡು ಬರುತ್ತಿದ್ದರು. ಇಡೀ ಹೊತ್ತು ಯಾರ ಬಳಿ ಯಾವುದಿದೆ, ಯಾವುದು ಎಷ್ಟು ದೂರ ನೋಡುತ್ತದೆ ಎಂಬ ಮಾತು. ಕೆಲವರು ಒಮ್ಮೆಯೂ ಗುಂಡಿ ಒತ್ತದೆ, ತೃಪ್ತಿಯಿಂದ ಚೀಲ ಮುಚ್ಚಿ ಮನೆಗೆ ಹೋಗುತ್ತಿದ್ದರು.

ಸೊಸೆ ಒಂದು ಭಾನುವಾರ ಮಹಡಿ ಹತ್ತಿದಳು.

"ನಾನೂ ಕೂರ್ತೀನಪ್ಪಾ."

"ಬನ್ನಿ ಅತ್ತಿಗೆ. ಕ್ಯಾಮೆರಾ ಎಲ್ಲಿ?"

ಅವಳು ಸೆರಗಿನ ಮರೆಯಿಂದ ತೆಗೆದು ತೋರಿಸಿದಳು. ಅವಳ ಅಣ್ಣ ಯಾವಾಗಲೋ ಕೊಟ್ಟಿದ್ದ ಹಳೆಯ ಚಿಕ್ಕ ಕ್ಯಾಮೆರಾ. ಮೂಲೆ ಸವೆದು ಬೆಳ್ಳಗಾಗಿತ್ತು. ಬ್ಯಾಟರಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು.

ಚೀಲದವರೆಲ್ಲ ನಕ್ಕರು. "ಇದು ಸೋಪಿನ ಡಬ್ಬಿ!" ಎಂದಿತು ಒಂದು ಧ್ವನಿ. ಆ ಹೆಸರೇ ನಿಂತಿತು.

"ಅತ್ತಿಗೆ, ಇದರಲ್ಲಿ ಕಲಿಯೋಕಾಗಲ್ಲ," ಎಂದ ಲೆನ್ಸಪ್ಪ, ನಿಜವಾದ ಮರುಕದಿಂದ. "ಗುಂಡಿ ಒತ್ತಿದ ಮೇಲೆ ಇದು ಮನೆಯವರನ್ನೆಲ್ಲ ಒಂದು ಮಾತು ಕೇಳ್ಕೊಂಡು ಬಂದು ಫೋಟೋ ತೆಗೆಯುತ್ತೆ. ಮೊದಲು ಒಂದು ಸರಿಯಾದ್ದು ತಗೊಳ್ಳಿ, ಆಮೇಲೆ ಬನ್ನಿ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಸೊಸೆ.

"ನಾನೂ ಅದನ್ನೇ ಹೇಳ್ತಿರೋದು..."

"ಅಲ್ಲಪ್ಪಾ. ನೀನು ನೆಲ ಸರಿಮಾಡ್ಸಿದ್ರೆ ಕುಣಿತ ಬರುತ್ತೆ ಅಂತಿದೀಯ," ಎಂದು ಅವಳು ಇಳಿದು ಬಂದಳು.

ಕೆಳಗೆ ಮಾವ ಲೆನ್ಸು ಒರೆಸುತ್ತಿದ್ದರು. ಅವರಿಗೆ ಅದು ಜಪದಷ್ಟೇ ಮುಖ್ಯ. ತಲೆ ಎತ್ತದೆ ಹೇಳಿದರು: "ಸಾಮಾನಿಗೆ ಮರ್ಯಾದೆ ಕೊಡದೋರಿಗೆ ವಿದ್ಯೆ ಹತ್ತಲ್ಲಮ್ಮ. ಆಟದ ಸಾಮಾನು ಹಿಡ್ಕೊಂಡು ಕಲೀತೀನಿ ಅನ್ನಬೇಡ."

"ಸಾಮಾನು ಇಲ್ಲದೋರಿಗೆ ವಿದ್ಯೆ ಬೇಡವಾ ಮಾವ?"

ಅವರು ಲೆನ್ಸಿಗೆ ಇನ್ನೊಮ್ಮೆ ಉಸಿರು ಊದಿ ಒರೆಸಿದರು.

ಅವಳು ಯಾರನ್ನೂ ಕೇಳದೆ ಕಲಿಯತೊಡಗಿದಳು. ಮೊದಮೊದಲು ಬಂದದ್ದೆಲ್ಲ ನಗೆಪಾಟಲು. ನಿಂತವರ ತಲೆ ಇದ್ದರೆ ಕಾಲಿಲ್ಲ. ನಾಯಿಯ ಫೋಟೋ ತೆಗೆಯಹೋದರೆ ನಾಯಿ ದಾಟಿಹೋಗಿ ಬಾಲ ಮಾತ್ರ ಉಳಿದಿರುತ್ತಿತ್ತು. ಬಾಗಿಲಿಗೆ ಬೆನ್ನು ಮಾಡಿ ಕೂತ ಅತ್ತೆಯ ಫೋಟೋ ತೆಗೆದರೆ ಇದ್ದಿಲಿನ ಮೂಟೆ ಬಂತು. "ನನ್ನ ಬಣ್ಣ ನನಗೆ ಗೊತ್ತು ಕಣೆ, ಆದ್ರೂ ಇಷ್ಟಿಲ್ಲ" ಎಂದರು ಅತ್ತೆ. ಅವಳು ಬೈಸಿಕೊಂಡು, ಅವರನ್ನು ಕುರ್ಚಿಯ ಸಮೇತ ಬಾಗಿಲ ಕಡೆ ತಿರುಗಿಸಿ ಮತ್ತೆ ತೆಗೆದಳು. ಡಬ್ಬಿಗೆ ದೂರದ್ದು ಕಾಣುತ್ತಿರಲಿಲ್ಲ. ಹಾಗಾಗಿ ಹತ್ತಿರ ಹೋಗುವುದನ್ನು ಕಲಿತಳು. ಕತ್ತಲಲ್ಲಿ ಅದು ಕುರುಡು. ಬೆಳಕು ಇರುವ ಕಡೆಗೆ ಜನರನ್ನು ಕರೆದು ತರುವುದನ್ನು ಕಲಿತಳು.

ಒಂದು ಕಾಟ ಮಾತ್ರ ಬಗೆಹರಿಯಲಿಲ್ಲ. ಮಾವನ ಮನೆಯ ರೂಢಿ ಅವಳ ನಾಲಿಗೆಗೂ ಅಂಟಿತ್ತು. "ಹಿಡೀರಿ" ಅನ್ನುವಳು, ಗುಂಡಿ ಒತ್ತುವಳು, "ಬಿಡಿ" ಅನ್ನುವಳು. ಆದರೆ ಡಬ್ಬಿಗೆ ತಡವಾಗಿ ಎಚ್ಚರ. "ಬಿಡಿ" ಅಂದ ಮೇಲೆ ಅದು ಟಿಕ್ ಎನ್ನುತ್ತಿತ್ತು. ಹೀಗಾಗಿ ಅವಳ ಫೋಟೋಗಳಲ್ಲಿ ಯಾರೂ ಸೆಟೆದು ನಿಂತಿರುತ್ತಿರಲಿಲ್ಲ. ಒಬ್ಬರು ಹೆಗಲು ಇಳಿಸಿರುತ್ತಿದ್ದರು, ಒಬ್ಬರು ಪಕ್ಕದವರಿಗೆ ಏನೋ ಹೇಳಲು ಬಾಯಿ ತೆರೆದಿರುತ್ತಿದ್ದರು. ಹಾಳಾಯಿತು, ಹಾಳಾಯಿತು ಎಂದು ಅವಳು ಒಂದೊಂದನ್ನೇ ಅಳಿಸುತ್ತಿದ್ದಳು.

ಒಂದು ಮಧ್ಯಾಹ್ನ ಅಳಿಸಲು ಹೋದ ಬೆರಳು ನಿಂತಿತು. ಎದುರಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಜ್ಜಿಯ ಫೋಟೋ ಅದು. ಹಿಡಿದ ಉಸಿರು ಬಿಟ್ಟ ಅಜ್ಜಿ, ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಯಾರಿಗೂ ಅಲ್ಲದ ಒಂದು ನಗು ನಕ್ಕಿದ್ದಳು. ದಿನಾ ಕಾಣುವ ಅಜ್ಜಿ ಇವಳೇ. ಆದರೆ ಸ್ಟುಡಿಯೋದ ಗಾಜಿನ ಹಿಂದೆ ತೂಗುಹಾಕಿದ್ದ ಫೋಟೋಗಳಲ್ಲಿ ದಿನಾ ಕಾಣುವ ಮುಖ ಒಂದೂ ಇರಲಿಲ್ಲವಲ್ಲ! ಅಂದಿನಿಂದ ಅವಳು ಅಳಿಸುವುದನ್ನು ಬಿಟ್ಟಳು.

ಅಜ್ಜಿಗೆ ಫೋಟೋ ಕೊಟ್ಟಳು. ಅಜ್ಜಿ ಅದನ್ನು ಲಾಂಡ್ರಿಯಲ್ಲೆಲ್ಲ ತೋರಿಸಿದಳು. ವಾರ ಕಳೆಯುವುದರೊಳಗೆ ಲಾಂಡ್ರಿಯ ಯಜಮಾನಿ ಸ್ಟುಡಿಯೋದ ಬಾಗಿಲಿಗೆ ಬಂದಳು. ದಪ್ಪ ಧ್ವನಿ, ತೋಳು ಮಡಚಿದ ಅಂಗಿ, ಕೈಗೆ ಸದಾ ಸಾಬೂನಿನ ವಾಸನೆ.

"ಉಸಿರಪ್ಪನೋರೇ, ನಮ್ಮ ಹೆಂಗಸರದ್ದೆಲ್ಲ ಒಂದು ದೊಡ್ಡ ಫೋಟೋ ಬೇಕು. ಬಾಗಿಲಿಗೆ ಎದುರಾಗಿ ಹಾಕ್ತೀನಿ. ಬಟ್ಟೆ ಕೊಡೋಕೆ ಬಂದೋರು ಯಾರು ಒಗೀತಾರೆ ಅಂತ ನೋಡ್ಲಿ. ನಿಮ್ಮ ಸೊಸೆಯನ್ನ ಕಳಿಸಿ."

"ಸೊಸೆ ಯಾಕೆ? ಮಗ ಬರ್ತಾನೆ. ದೊಡ್ಡ ಕ್ಯಾಮೆರಾ ತರ್ತಾನೆ."

"ಮಗನೂ ಬರ್ಲಿ, ಬೇಡ ಅಂದೋರ್ಯಾರು. ಸೊಸೆ ಆ ಡಬ್ಬಿ ತರ್ಲಿ."

ಯಜಮಾನಿ ಹೋದ ಮೇಲೆ ಉಸಿರಪ್ಪ ಸೊಸೆಯನ್ನು ಕರೆದರು. ಮಾವ ಗಟ್ಟಿಯಾಗಿ ಮಾತಾಡುವವರಲ್ಲ. ಮೆಲ್ಲಗೆ ಹೇಳಿದರು:

"ನೋಡಮ್ಮ. ದೀಪ ಹಿಡಿಯೋಕೆ ಅಂತ ಹೋಗು, ಬೇಡ ಅನ್ನಲ್ಲ. ಆದ್ರೆ ಈ ಸ್ಟುಡಿಯೋ ಹೆಸರಲ್ಲಿ ಆ ಡಬ್ಬಿಯಿಂದ ಒಂದು ಫೋಟೋ ತೆಗೆದೆ ಅಂದ್ರೆ, ಆಮೇಲೆ ನಿನಗೆ ಇಲ್ಲಿ ಕೆಲಸ ಇಲ್ಲ. ಕತ್ತರೀನೂ ಮುಟ್ಟಬೇಡ. ಮನೆ ಇದೆ, ಅಡುಗೆ ಇದೆ, ಅಲ್ಲಿರು."

ಅವಳ ಕಣ್ಣು ಒಳಕೋಣೆಯ ಕಿಟಕಿಯ ಕಡೆ ಹೋಗಿ ಬಂತು. ಅಡುಗೆಮನೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆದುಕೊಳ್ಳುತ್ತಿತ್ತು; ಅಲ್ಲಿ ಹಗಲಲ್ಲೂ ದೀಪ ಬೇಕು. "ಆಗ್ಲಿ ಮಾವ, ಕೇಳಿಸ್ಕೊಂಡೆ" ಎಂದಳು. ಕೇಳಿಸಿಕೊಂಡೆ ಅಂದಳೇ ಹೊರತು ಒಪ್ಪಿದೆ ಅನ್ನಲಿಲ್ಲ. ಮಾವನಿಗೆ ಆ ವ್ಯತ್ಯಾಸ ತಿಳಿಯಿತು. ಲೆನ್ಸಪ್ಪನಿಗೆ ತಿಳಿಯಲಿಲ್ಲ.

ಮರುದಿನ ಲಾಂಡ್ರಿಯಲ್ಲಿ ಲೆನ್ಸಪ್ಪ ದೀಪಗಳನ್ನು ನಿಲ್ಲಿಸಿದ, ಬೆಳಕು ಹರಡುವ ಬಿಳಿ ಕೊಡೆಗಳನ್ನು ಬಿಚ್ಚಿದ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದೊಡ್ಡ ಕ್ಯಾಮೆರಾ ಇಟ್ಟ. ಸೊಸೆ ಅವನು ಹೇಳಿದ ಕಡೆ ದೀಪ ಹಿಡಿದು ನಿಂತಳು. ಒಗೆಯುವವರು, ಹಿಂಡುವವರು, ಮಡಚುವವರು ಸಾಲಾಗಿ ನಿಂತರು. ಇಸ್ತ್ರಿ ಅಜ್ಜಿಗೆ ನಡುವೆ ಕುರ್ಚಿ.

"ಹಿಡೀರಿ," ಎಂದ ಲೆನ್ಸಪ್ಪ. ಸಾಲಿಗೆ ಸಾಲೇ ಎದೆ ಉಬ್ಬಿಸಿತು. ಕ್ಯಾಮೆರಾ ತಟ್ಟನೆ ಕ್ಲಿಕ್ ಎಂದಿತು. "ಬಿಡಿ."

ಕ್ಯಾಮೆರಾದ ತೆರೆಯ ಮೇಲೆ ಫೋಟೋ ತೋರಿಸಿದ. ಬಹಳ ಸ್ವಚ್ಛವಾದ ಫೋಟೋ. ಅಜ್ಜಿಯ ಹುಬ್ಬಿನ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಹೆಂಗಸರು ಬಗ್ಗಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಚೆನ್ನಾಗಿಲ್ವಾ?" ಎಂದ ಲೆನ್ಸಪ್ಪ.

"ಚೆನ್ನಾಗಿದೆ ಮಗಾ," ಎಂದಳು ಅಜ್ಜಿ. "ನಮ್ಮನ್ನೂ ಇಸ್ತ್ರಿ ಮಾಡಿ ಮಡಚಿಟ್ಟಂಗಿದೆ."

ನಗೆ ಸಿಡಿಯಿತು. ಯಜಮಾನಿ ಸೊಸೆಯ ಕಡೆ ತಿರುಗಿ, "ಏನಮ್ಮಾ, ದೀಪದ ಕಂಬ ಆಗಿ ನಿಂತೇಬಿಟ್ಯಾ? ತೆಗಿ ಡಬ್ಬೀನ!" ಎಂದಳು.

ಸೊಸೆ ದೀಪವನ್ನು ನೆಲದ ಮೇಲೆ ಇಟ್ಟಳು.

"ಅತ್ತಿಗೆ, ಅಪ್ಪ ಹೇಳಿದ್ದು ನೆನಪಿದೆ ತಾನೇ?" ಲೆನ್ಸಪ್ಪ ಪಿಸುಗುಟ್ಟಿದ.

"ಒಂದಕ್ಷರ ಮರೆತಿಲ್ಲ."

ಅವಳು ಹೆಂಗಸರನ್ನೆಲ್ಲ ದೀಪಗಳಿಂದ ಬಿಡಿಸಿ, ಒದ್ದೆ ಹಾಸುಬಟ್ಟೆಗಳನ್ನು ಒಣಗಿಸುವ ಹಿತ್ತಲ ಬಾಗಿಲಿಗೆ ಕರೆದೊಯ್ದಳು. ಬಿಳಿ ಬಟ್ಟೆಯಿಂದ ಸೋಸಿ ಬರುತ್ತಿದ್ದ ಬೆಳಕು ಎಲ್ಲರ ಮುಖದ ಮೇಲೂ ಸಮನಾಗಿ ಹರಿಯಿತು. ಯಜಮಾನಿಗೆ ಹೆಚ್ಚಿಲ್ಲ, ಒಗೆಯುವವಳಿಗೆ ಕಡಿಮೆಯಿಲ್ಲ. ಮನಸ್ಸಿನಲ್ಲೇ ಕೈಮುಗಿದು ಹತ್ತಿರ ಹೋಗಿ ನಿಂತಳು. "ಹಿಡೀರಿ." ಗುಂಡಿ ಒತ್ತಿದಳು. "ಬಿಡಿ." ಅವರು ಬಿಟ್ಟರು. ಹೆಗಲು ಇಳಿದವು, ಯಾರೋ ಯಾರನ್ನೋ ಮೊಣಕೈಯಲ್ಲಿ ತಿವಿದರು, ಅಜ್ಜಿ ತಲೆ ಹಿಂದಕ್ಕೆ ಒರಗಿಸಿ ಹಿಂದೆ ನಿಂತವಳ ಹೊಟ್ಟೆಗೆ ತಾಗಿಸಿದಳು. ಆಗ ಡಬ್ಬಿ ಟಿಕ್ ಎಂದಿತು.

ಆ ಫೋಟೋ ಲಾಂಡ್ರಿಯ ಬಾಗಿಲಿಗೆ ಎದುರಾಗಿ ಏರಿತು. ಬಟ್ಟೆ ಕೊಡಲು ಬಂದವರು ಚೀಟಿ ತೆಗೆದುಕೊಳ್ಳುವುದನ್ನು ಮರೆತು ಅದರ ಮುಂದೆ ನಿಲ್ಲುತ್ತಿದ್ದರು.

ಸೊಸೆಗೆ ಸ್ಟುಡಿಯೋ ಮುಚ್ಚಿತು. ಮಾವ ಬೈಯಲಿಲ್ಲ, ಕತ್ತರಿಯನ್ನು ತಾವೇ ತೆಗೆದುಕೊಂಡು ಒಳಕೋಣೆಯಲ್ಲಿ ಕೂತರು, ಅಷ್ಟೆ. ಗಂಡ ಬೇಕರಿಯ ವ್ಯಾನು ಓಡಿಸುವವನು. "ನನ್ನನ್ನ ನಡುವೆ ಎಳೀಬೇಡ ಮಾರಾಯ್ತಿ, ನನಗೆ ಸ್ಟೇರಿಂಗ್ ಒಂದೇ ತಿರುಗ್ಸೋಕೆ ಬರೋದು" ಎಂದು ಕೈ ಮೇಲೆತ್ತಿದ.

ಊಟ ಬಡಿಸುವಾಗ ಲೆನ್ಸಪ್ಪನೇ ಮಾತು ತೆಗೆದ. ನೋಯಿಸಬೇಕೆಂದಲ್ಲ, ಒಂದು ವಿಷಯವನ್ನು ಕಂಡುಹಿಡಿದ ಖುಷಿ ಅವನಿಗೆ.

"ಅಪ್ಪಾ, ನಾನು ಯೋಚನೆ ಮಾಡ್ದೆ. ಅತ್ತಿಗೆ ಫೋಟೋ ಹಾಗೆ ಬರೋದಕ್ಕೆ ಕಾರಣ ಡಬ್ಬಿಯ ರೋಗ. ಅದು ತಡವಾಗಿ ತೆಗೆಯುತ್ತೆ, ಅಷ್ಟರಲ್ಲಿ ಜನ ಸಡಿಲ ಆಗಿರ್ತಾರೆ. ಕೈಚಳಕ ಏನೂ ಇಲ್ಲ."

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅನ್ನು," ಎಂದರು ಮಾವ.

ಸೊಸೆಯ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ಡಬ್ಬಿ ಎಂದು ನಕ್ಕಾಗ ಅವಳಿಗೆ ನೋವಾಗಿರಲಿಲ್ಲ. ಈಗ ಆಯಿತು. ಯಾಕೆಂದರೆ ಅದರಲ್ಲಿ ಅರ್ಧ ನಿಜವಿತ್ತು. ಮೊದಲು ಅದು ಡಬ್ಬಿಯ ರೋಗವೇ. ಆಮೇಲೆ ಅದು ತನ್ನ ಕಣ್ಣು ಎಂದು ಅವಳು ನಂಬಿದ್ದಳು. ನಂಬಿದ್ದು ಮಾತ್ರವಾ? ಡಬ್ಬಿಯನ್ನು ಕಿತ್ತುಕೊಂಡರೆ ತನ್ನಲ್ಲಿ ಏನು ಉಳಿಯುತ್ತದೆ? ಇದನ್ನು ತಿಳಿಯದೆ ಅವಳಿಗೆ ಅನ್ನ ಇಳಿಯುವ ಹಾಗಿರಲಿಲ್ಲ.

ಮರುದಿನ ಬೆಳಗ್ಗೆ ಅವಳು ನೇರವಾಗಿ ಸ್ಟುಡಿಯೋಕ್ಕೆ ಹೋದಳು. ಮಾವ ಒಳಕೋಣೆಯಿಂದ ಎದ್ದು ಬಂದರು.

"ಬರಬೇಡ ಅಂದಿದ್ದೆನಲ್ಲಮ್ಮ?"

"ಕತ್ತರಿಗೆ ಬಂದಿಲ್ಲ ಮಾವ." ಅವಳು ಮೈದುನನ ಕಡೆ ಕೈ ಚಾಚಿದಳು. "ಕೊಡಪ್ಪಾ ನಿನ್ನ ದೊಡ್ಡ ಕ್ಯಾಮೆರಾನ."

"ಅತ್ತಿಗೆ, ಅದರ ಬೆಲೆ..."

"ಗೊತ್ತು. ನೀನು ಮೂರು ಹೊತ್ತೂ ಅದನ್ನೇ ಹೇಳ್ತೀಯ. ಇದಕ್ಕೆ ರೋಗ ಇಲ್ಲ ತಾನೇ? ಒತ್ತಿದ ತಕ್ಷಣ ತೆಗೆಯುತ್ತೆ ತಾನೇ?"

"ಕಣ್ಣು ಮಿಟುಕಿಸೋಕೂ ಬಿಡಲ್ಲ!"

"ಹಾಗಾದ್ರೆ ಕೊಡು. ಮಾವ, ನೀವು ಸ್ಟೂಲಿನ ಮೇಲೆ ಕೂತ್ಕೊಳ್ಳಿ."

ಉಸಿರಪ್ಪ ಆ ಸ್ಟೂಲಿನ ಮೇಲೆ ಇಡೀ ಊರನ್ನು ಕೂರಿಸಿದ್ದರು. ತಾವು ಕೂತವರಲ್ಲ. ಅವರು ಬೇಡವೆನ್ನಲು ಬಾಯಿ ತೆರೆದರು. ಸೊಸೆ ತಲೆ ತಗ್ಗಿಸಲಿಲ್ಲ, ದನಿ ಏರಿಸಲೂ ಇಲ್ಲ. "ನನ್ನನ್ನ ಮನೆಗೆ ಕಳಿಸೋ ಮೊದಲು ಒಂದು ಸಲ ನೋಡಿಬಿಡಿ ಮಾವ. ನನಗೆ ಬರಲ್ಲ ಅಂದ್ರೆ ನಾನೇ ಬಾಗಿಲು ಎಳ್ಕೊಂಡು ಹೋಗ್ತೀನಿ."

ಅವರು ಕೂತರು.

ಕ್ಯಾಮೆರಾ ಭಾರವಾಗಿತ್ತು. ಅದರ ಗಾಜಿನೊಳಗೆ ಮಾವನ ಮುಖ ಎಷ್ಟು ತಿಳಿಯಾಗಿ ಕಂಡಿತೆಂದರೆ ಅವಳಿಗೆ ಒಮ್ಮೆ ಅಳುಕಾಯಿತು. ಒಳ್ಳೆಯ ಸಾಮಾನು ಒಳ್ಳೆಯದೇ, ಅದನ್ನು ಅಲ್ಲಗಳೆದರೆ ಸುಳ್ಳಾಗುತ್ತದೆ. ದೀಪಗಳನ್ನು ಆರಿಸಿ, ಬೀದಿಯ ಬಾಗಿಲನ್ನು ಪೂರ್ತಿ ತೆರೆದಳು.

"ಹಿಡೀರಿ ಮಾವ."

ಜೀವಮಾನವಿಡೀ ಆ ಮಾತನ್ನು ಹೇಳಿದವರು ಮೊದಲ ಸಲ ಅದನ್ನು ಕೇಳಿದರು. ಎದೆ ಉಬ್ಬಿತು. ಗಲ್ಲ ಎದ್ದಿತು. ಲೆನ್ಸಪ್ಪ ಕ್ಯಾಮೆರಾದ ಸದ್ದಿಗೆ ಕಾದ. ಸದ್ದು ಬರಲಿಲ್ಲ.

"ಬಿಡಿ."

ಅವರು ಬಿಟ್ಟರು. ಆಗಲೂ ಅವಳು ಒತ್ತಲಿಲ್ಲ. ಅವರ ಕಣ್ಣು ಮೊದಲು ಕ್ಯಾಮೆರಾದಿಂದ ಜಾರಿತು, ಆಮೇಲೆ ಬಾಗಿಲಿಗೆ ಹೋಯಿತು, ಆಮೇಲೆ ಮಡಿಲಲ್ಲಿದ್ದ ತಮ್ಮ ಖಾಲಿ ಕೈಗಳ ಮೇಲೆ ಇಳಿಯಿತು. ಈ ಕೈಗಳಿಗೆ ಈಗ ಏನು ಕೆಲಸ ಎಂದು ಕೇಳುವವರಂತೆ ಅವನ್ನೇ ನೋಡಿದರು. ಆಗ ಕ್ಯಾಮೆರಾ ಕ್ಲಿಕ್ ಎಂದಿತು.

ಲೆನ್ಸಪ್ಪ ಓಡಿಬಂದು ತೆರೆಯನ್ನು ನೋಡಿದ. ಅವನ ಮುಖ ಅರಳಿತು. "ನೋಡಿದ್ರಾ ಅತ್ತಿಗೆ! ನಾನು ಹೇಳಿರಲಿಲ್ವಾ? ಒಳ್ಳೆ ಕ್ಯಾಮೆರಾ ಕೈಗೆ ಬಂದ್ರೆ ಹೇಗೆ ಬರುತ್ತೆ ನೋಡಿ!"

"ಅಯ್ಯೋ ಲೆನ್ಸಪ್ಪಾ," ಎಂದಳು ಅವಳು. "ಲಾಂಡ್ರಿ ಫೋಟೋ ಚೆನ್ನಾಗಿ ಬಂದಿದ್ದು ಡಬ್ಬಿ ಕೆಟ್ಟಿದ್ದಕ್ಕೆ. ಇದು ಚೆನ್ನಾಗಿ ಬಂದಿದ್ದು ಕ್ಯಾಮೆರಾ ಚೆನ್ನಾಗಿರೋದಕ್ಕೆ. ಎರಡರ ಹಿಂದೇನೂ ನಾನೊಬ್ಳು ನಿಂತಿದ್ದೆ. ಕಾಣಿಸ್ಲಿಲ್ವಾ?"

ಲೆನ್ಸಪ್ಪ ತೆರೆಯನ್ನು ಅಪ್ಪನ ಕಡೆ ತಿರುಗಿಸಿದ.

ಮಾವ ತೆರೆಯನ್ನು ಬಹಳ ಹೊತ್ತು ನೋಡಿದರು. "ಬಿಡಿ ಅಂದ ಮೇಲೆ ಎಲ್ಲರೂ ಹೀಗೇ ಕಾಣ್ತಿದ್ರೋ ಏನೋ," ಎಂದರು ಕೊನೆಗೆ. "ಆ ಹೊತ್ತಿಗೆ ನಾನು ತಲೆ ತಗ್ಗಿಸಿ ಮುಂದಿನವರಿಗೆ ಅಣಿ ಮಾಡ್ಕೋತಿದ್ದೆ. ದೇವರು ಎದುರಿಗೆ ಬಂದಾಗೆಲ್ಲ ಬೆನ್ನು ತಿರುಗಿಸಿದ ಹಾಗಾಯ್ತಲ್ಲ."

ಆಮೇಲೆ ಅವರು ಗಂಟಲು ಸರಿಮಾಡಿಕೊಂಡು ಹಳೆಯ ಉಸಿರಪ್ಪನೇ ಆದರು. "ಆದ್ರೂ ಆ ಡಬ್ಬಿ ನನ್ನ ಸ್ಟುಡಿಯೋಕ್ಕೆ ಬೇಡ. ನೋಡಿದೋರು ಏನಂತಾರೆ?"

"ಡಬ್ಬಿ ಬರುತ್ತೆ ಮಾವ. ಜೊತೆಗೆ ನಾನೂ ಬರ್ತೀನಿ. ಏನಾದ್ರೂ ಅನ್ಲಿ."

ಅಷ್ಟರಲ್ಲಿ ಅಂಚೆಯವನು ಒಳಗೆ ಬಂದ. ಹೊಸ ಗುರುತಿನ ಚೀಟಿಗೆ ಫೋಟೋ ಬೇಕಿತ್ತು. ತಾನೇ ಹೋಗಿ ಸ್ಟೂಲಿನ ಮೇಲೆ ಕೂತ. ಯಾರೂ ಹೇಳದೆಯೇ ಉಸಿರು ಹಿಡಿದು ಕೆಂಪಾದ. ಕ್ಯಾಮೆರಾದ ಹಿಂದೆ ಸೊಸೆಯನ್ನು ಕಂಡು, ಮಾವನ ಕಡೆ ಕಣ್ಣು ಹೊರಳಿಸಿದ. ಮಾವ ಗೋಡೆಗೆ ಒರಗಿ ನಿಂತಿದ್ದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಸ್ವಲ್ಪ ಹೊತ್ತಾಯಿತು.

"ಆಯ್ತಾಮ್ಮಾ?" ಎಂದ ಅಂಚೆಯವನು, ತುಟಿ ಅಲುಗದಂತೆ.

"ಇಲ್ಲಣ್ಣಾ."

"ಮತ್ತೆ ಯಾಕೆ ಸುಮ್ನೆ ನಿಂತಿದೀರಿ?"

"ನೀವು ಬರ್ಲಿ ಅಂತ."

"ನಾನು ಬಂದು ಕೂತು ಆಗ್ಲೇ ಎಷ್ಟು ಹೊತ್ತಾಯ್ತು!"

"ಇಲ್ಲಣ್ಣಾ," ಎಂದಳು ಅವಳು, ಗುಂಡಿಯ ಮೇಲಿನ ಬೆರಳನ್ನು ಅಲುಗಿಸದೆ. "ನೀವಿನ್ನೂ ಬಂದಿಲ್ಲ."